ದೇವದೂತನ ಹಣೆಯ ಕುಂಕುಮ

ನಮ್ಮ ಬೀದಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ದೊಡ್ಡಬಳ್ಳಾಪುರದ ಈ ಭಾಗದಲ್ಲಿ ಮನೆಮನೆಯಲ್ಲೂ ವಿದ್ಯುತ್ ಮಗ್ಗಗಳಿವೆ. ಬೆಳಗಾದರೆ ಅವುಗಳ ಲಟಲಟ ಶುರು. ಮದುವೆಯಾಗಿ ಬಂದ ಹೊಸದರಲ್ಲಿ ಇವರೆಲ್ಲ ಯಾಕಿಷ್ಟು ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಈಗ ತೂಬಗೆರೆಯ ತವರಿಗೆ ಹೋದರೆ ಅಮ್ಮ ನನಗೇ ‘ಮೆಲ್ಲಗ್ ಹೇಳೇ, ನಂಗಿನ್ನೂ ಕಿವಿ ಕೇಳ್ಸುತ್ತೆ’ ಅನ್ನುತ್ತಾಳೆ. ಆಮೇಲೆ ನಡೆದದ್ದಕ್ಕೆಲ್ಲ ಈ ಕೂಗುವ ಅಭ್ಯಾಸವೇ ಕಾರಣ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಅಭ್ಯಾಸ ಮಾತನ್ನು ಗೋಡೆಯಾಚೆ ತಲುಪಿಸಿತು, ಅಷ್ಟೇ. ಮಾತು ನನ್ನದೇ.

ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದೆ. ಮನುಷ್ಯರು ನೆರಳಿನಂತೆ ಕಾಣುತ್ತಾರೆ, ಅಕ್ಷರ ಕಾಣುವುದಿಲ್ಲ. ಮೊದಲು ದಿನವಿಡೀ ಏನಾದರೂ ಓದುತ್ತಿದ್ದವರು, ಸಾಮಾನು ಕಟ್ಟಿ ತಂದ ಪೇಪರನ್ನೂ ಬಿಡದೆ. ಸುಮ್ಮನೆ ಗೋಡೆಗೆ ಒರಗಿ ಕೂರತೊಡಗಿದ್ದ ಅವರನ್ನು ನೋಡಿ ಪಕ್ಕದ ಮನೆಯ ಟೀಚರಮ್ಮ ಒಂದು ಮಧ್ಯಾಹ್ನ ಪುಸ್ತಕ ಹಿಡಿದುಕೊಂಡು ಬಂದರು. ಟೀಚರಮ್ಮ ಪ್ರೈಮರಿ ಶಾಲೆಯಿಂದ ನಿವೃತ್ತರಾದವರು, ಕ್ರೈಸ್ತರು, ಒಬ್ಬರೇ ಇರುವವರು. ಭಾನುವಾರ ಚರ್ಚಿನ ಮಕ್ಕಳಿಗೆ ಓದಿ ಹೇಳಲು ಕೂಡಿಟ್ಟ ಕತೆ ಪುಸ್ತಕಗಳು ಅವರ ಬೀರು ತುಂಬ ಇದ್ದವು. ಎಲ್ಲದರಲ್ಲೂ ಒಬ್ಬ ರಾಜ, ಒಬ್ಬ ರಾಣಿ, ಕಷ್ಟಕ್ಕೆ ಇಳಿದು ಬರುವ ಒಬ್ಬ ದೇವದೂತ, ನಡುನಡುವೆ ಪ್ರಾರ್ಥನೆ. ತರಗತಿಯ ಕೊನೆಯ ಬೆಂಚಿಗೂ ಕೇಳುವ ಅವರ ದನಿ ಮಗ್ಗದ ಸದ್ದನ್ನೂ ಮೀರುತ್ತಿತ್ತು.

ಅತ್ತೆ ಸುಮ್ಮನೆ ಕೇಳುವವರಲ್ಲ.

‘ಅಲ್ಲಾ ಟೀಚರಮ್ಮ, ರೆಕ್ಕೆ ಇದ್ಮೇಲೆ ಅವ್ನು ಕುದುರೆ ಮೇಲ್ ಯಾಕ್ ಬರ್ತಾನೆ?’

‘ರಾಜಂಗೆ ಗುರ್ತು ಸಿಗಬಾರ್ದಲ್ಲ ಅಕ್ಕ, ವೇಷ ಮರೆಸ್ಕೊಂಡಿದ್ದಾನೆ.’

‘ಹಂಗಾದ್ರೆ ರೆಕ್ಕೆ ಎಲ್ಲಿಟ್ಟ? ಶರಟಿನೊಳಗಾ?’

ಟೀಚರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು.

ಅವರು ಬಾರದ ದಿನ ನಾನು ಓದುತ್ತಿದ್ದೆ. ಪ್ರಾರ್ಥನೆ ಬಂದ ಕಡೆ ಬಿಟ್ಟು ಮುಂದೆ ಹೋಗುತ್ತಿದ್ದೆ. ಕತೆಗೆ ಅದು ಬೇಕಿಲ್ಲ ಎನ್ನುವುದು ನನ್ನ ಲೆಕ್ಕ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು; ಪಠ್ಯದಿಂದ ಯಾರು ಏನನ್ನು ಯಾಕೆ ಬಿಡುತ್ತಾರೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಅತ್ತೆ ಒಂದು ದಿನ ಅಂದರು: ‘ಟೀಚರಮ್ಮ ಓದುದ್ರೆ ಕತೆ ಉದ್ದ ಇರುತ್ತೆ, ನೀನ್ ಓದುದ್ರೆ ಗಿಡ್ಡ. ಅದೇ ಪುಸ್ತಕ ತಾನೇ?’ ನಾನು ಕೇಳಿಸದವಳಂತೆ ಹಾಳೆ ತಿರುಗಿಸಿದೆ.

ಹೋದ ದಸರೆಯ ಹೊತ್ತಿಗೆ ನಡೆಯುತ್ತಿದ್ದದ್ದು ಸಮುದ್ರದ ನಡುವಿನ ಗೋಪುರದ ಕತೆ. ಚಾಡಿ ಮಾತು ಕೇಳಿದ ರಾಜ ರಾಣಿಯನ್ನು ಆ ಗೋಪುರಕ್ಕೆ ಕಳಿಸಿದ್ದಾನೆ. ಕಾವಲುಗಾರನ ವೇಷದಲ್ಲಿ ದೇವದೂತ ಅವಳಿಗೆ ಊಟ ತಂದು ಕೊಡುತ್ತಾನೆ. ವರ್ಷಗಳಾದ ಮೇಲೆ ರಾಜನಿಗೆ ತಪ್ಪು ತಿಳಿದು, ತಾನೇ ದೋಣಿ ಏರಿ ಬಂದು, ಗೋಪುರದ ಬಾಗಿಲು ತಟ್ಟುತ್ತಾನೆ. ಒಳಗಿನಿಂದ ಅಗುಳಿ ಹಾಕಿದೆ. ಅಲ್ಲಿಗೆ ಟೀಚರಮ್ಮ ಪುಸ್ತಕ ಮಡಿಚಿ ನಮ್ಮ ಮನೆಯಲ್ಲೇ ಇಟ್ಟು, ಹಬ್ಬ ಕಳೆಯಲಿ ಅಂದರು.

‘ತೆಗೀಬಾರ್ದು’ ಅಂದರು ಅತ್ತೆ. ಮತ್ತೆ ತಾವೇ, ‘ತೆಗೀತಾಳೆ ಅನ್ಸುತ್ತೆ, ಮುಂಡೇದು’ ಅಂದರು.

ಆಯುಧಪೂಜೆಯ ದಿನ ಬೆಳಿಗ್ಗೆ ಅತ್ತೆ ತಡವರಿಸುತ್ತಲೇ ಎಲ್ಲ ಜೋಡಿಸಿದ್ದರು. ಮಣೆಯ ಮೇಲೆ ಕುಡುಗೋಲು, ಈಳಿಗೆಮಣೆ, ಮಿಕ್ಸಿಯ ಜಾರು, ಪಂಚಾಂಗ, ನನ್ನ ಎಂ.ಎ.ಯ ಎರಡು ಪುಸ್ತಕ. ಎಲ್ಲಕ್ಕಿಂತ ಮೇಲೆ ಟೀಚರಮ್ಮನ ಪುಸ್ತಕ. ಅದರ ರಟ್ಟಿನ ಮೇಲೆ ಬಿಳಿ ರೆಕ್ಕೆಯ ದೇವದೂತ. ಅವನ ಹಣೆ ಎಲ್ಲಿದೆ ಎಂದು ಅವರಿಗೆ ಕಂಡಿರಲಾರದು. ಅಂದಾಜಿನ ಮೇಲೆ ಅರಿಶಿನ ಹಚ್ಚಿ ಕುಂಕುಮ ಇಟ್ಟಿದ್ದರು. ಬೊಟ್ಟು ಸುಮಾರಾಗಿ ಸರಿಯಾದ ಜಾಗಕ್ಕೇ ಬಿದ್ದಿತ್ತು.

ಮಧ್ಯಾಹ್ನದ ಊಟಕ್ಕೆ ನೆಲಮಂಗಲದಿಂದ ಭಾವ ಬರುವವರಿದ್ದರು, ನನ್ನ ಗಂಡನ ಅಣ್ಣ. ಹಣೆಗೆ ವಿಭೂತಿಯಿಲ್ಲದೆ ಮನೆಯಿಂದ ಹೊರಡದ, ವರ್ಷಕ್ಕೊಮ್ಮೆ ಶಿವಗಂಗೆಯ ಬೆಟ್ಟ ಹತ್ತುವ ಮನುಷ್ಯ. ನಾನು ಪುಸ್ತಕ ಎತ್ತಿಕೊಂಡೆ.

‘ಇದ್ಯಾಕ್ ಇಟ್ರಿ ಅತ್ತೆ?’

‘ಕಣ್ ಇಲ್ದೋಳ್ಗೆ ಅದೇ ಕಣ್ಣಲ್ವೇನೇ? ಇರ್ಲಿ, ಇಡು.’

‘ಅವ್ರ ದೇವ್ರ ಪುಸ್ತಕ ನಮ್ ದೇವ್ರ ಮುಂದೆ ಯಾಕೆ? ಭಾವ ನೋಡುದ್ರೆ ಏನಂತಾರೆ? ಕತೆ ಹೇಳ್ಕೊಂಡ್ ಹೇಳ್ಕೊಂಡೇ ಅಮ್ಮನ್ನ ಅವ್ರ ಜಾತಿಗೆ ಸೇರಿಸ್ಕೊಂಡ್ರು ಅಂತಾರೆ. ಇವರೆಲ್ಲ ಹಂಗೇ ಶುರು ಮಾಡೋದು!’

ಎಂದಿನಂತೆ ಕೂಗಿಯೇ ಹೇಳಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿದಾಗ ಹೊಳೆಯಿತು: ಇವತ್ತು ಮಗ್ಗಗಳಿಗೂ ಪೂಜೆ. ಎಲ್ಲವನ್ನೂ ನಿಲ್ಲಿಸಿ, ಬಾಳೆಕಂದು ಕಟ್ಟಿ, ಹೂವು ಮುಡಿಸಿ ಬಿಟ್ಟಿದ್ದಾರೆ. ಬೀದಿಯಲ್ಲಿ ಒಂದು ಸೂಜಿಯ ಸದ್ದೂ ಇಲ್ಲ.

ಹಿತ್ತಿಲಿನ ಬಾಗಿಲು ತೆರೆದಿತ್ತು. ಟೀಚರಮ್ಮನ ಮನೆಗೂ ನಮಗೂ ನಡುವಿನ ಗೋಡೆಯಾಚೆ ಯಾರೋ ನಡೆದುಹೋದ ಚಪ್ಪಲಿಯ ಸದ್ದು ಕೇಳಿತು ಎಂದು ನನ್ನ ನೆನಪು. ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಸದ್ದು ಆಮೇಲೆ ಸೇರಿಕೊಂಡಿರಬಹುದು. ಆದರೆ ಗೋಡೆಯ ಮೇಲೆ ಸ್ಟೀಲಿನ ಬಟ್ಟಲೊಂದು ಇತ್ತು. ಅದರ ತುಂಬ ಆಗ ತಾನೇ ಕಿತ್ತ ಕನಕಾಂಬರ. ಅತ್ತೆಯ ಪೂಜೆಗೆಂದು ಟೀಚರಮ್ಮ ಪ್ರತಿ ಹಬ್ಬಕ್ಕೂ ಕೈಗೇ ತಂದುಕೊಡುತ್ತಿದ್ದ ಹೂವು.

ಹೂವು ತಂದು ಪೂಜೆಗೆ ಕೊಟ್ಟೆ. ಪುಸ್ತಕವನ್ನು ಬಚ್ಚಲಿಗೆ ಒಯ್ದು ಸೋಪಿನ ಬಟ್ಟೆಯಿಂದ ಒರೆಸಿದೆ. ಸೋಪು ತಾಗಿದ ಅರಿಶಿನ ಕೆಂಪಾಗುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಆ ಗಳಿಗೆಯಲ್ಲಿ ನನಗೆ ಗೊತ್ತಿರಲಿಲ್ಲ. ಹಣೆಯ ಬೊಟ್ಟು ರೆಕ್ಕೆಯವರೆಗೆ ಕೆಂಪಗೆ ಹರಡಿಕೊಂಡಿತು.

ಭಾವ ಬಂದರು, ಹೋಳಿಗೆ ತಿಂದರು. ಎಲೆಯಿಂದ ಏಳುವ ಮುಂಚೆ ಅತ್ತೆಯ ಕಡೆ ತಿರುಗಿ, ‘ಏನಮ್ಮೋ, ಪೋನಲ್ಲಿ ಹೇಳ್ತಿದ್ದಲ್ಲ, ಆ ರಾಣಿ ಬಾಗ್ಲು ತೆಗುದ್ಲಾ?’ ಅಂದರು.

‘ಟೀಚರಮ್ಮ ಬರ್ಲಿ ಇರೋ, ಗೊತ್ತಾಗುತ್ತೆ.’

‘ನಾನಾಗಿದ್ರೆ ಆ ರಾಜನ್ನ ಒಂದ್ ವಾರ ದೋಣೀಲೇ ಕೂರುಸ್ತಿದ್ದೆ’ ಎಂದು ನಗುತ್ತ ಕೈತೊಳೆಯಲು ಹೋದರು. ಬಡಿಸುವ ಸೌಟು ಹಿಡಿದು ನಿಂತಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಟೀಚರಮ್ಮ ತಾಂಬೂಲಕ್ಕೆ ಬರಲಿಲ್ಲ. ಮಾರನೆಯ ದಿನ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ಖಾಲಿ ಬಟ್ಟಲಿನ ಜೊತೆ ಗೋಡೆಯ ಮೇಲೆ ಇಟ್ಟು ಒಳಗೆ ಬಂದುಬಿಟ್ಟೆ. ಸಂಜೆ ನೋಡಿದಾಗ ಎರಡೂ ಇರಲಿಲ್ಲ. ಆಮೇಲಿನ ಮಧ್ಯಾಹ್ನಗಳಲ್ಲಿ ಅತ್ತೆ ಬಾಗಿಲ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ‘ಕತೆ ಮುಗೀಲೇ ಇಲ್ವಲ್ಲೇ’ ಅನ್ನುತ್ತಿದ್ದರು. ‘ಅವ್ರಿಗೇನೋ ಕಾಲ್ ನೋವಂತೆ’ ಎಂದು ಕಟ್ಟಿ ಹೇಳಿದೆ. ಬರಬರುತ್ತ ಅವರು ಕೇಳುವುದನ್ನೂ ಬಿಟ್ಟರು. ಮತ್ತೆ ಗೋಡೆಗೆ ಒರಗಿದರು.

ಒಂದು ದಿನ ತಡೆಯಲಾರದೆ ನಾನೇ ಬಾಯಿಬಿಟ್ಟೆ. ‘ಅವತ್ತು ನಾನಂದಿದ್ದು ಅವ್ರಿಗೆ ಕೇಳ್ಸಿರಬೇಕು ಅತ್ತೆ. ನಾನೇನ್ ಮಾಡ್ಲಿ? ಅಂಥಾದ್ದೆಲ್ಲ ಪೂಜೇಲಿ ಇಡಬೇಡಿ ಅಂತ ಭಾವ ಹೇಳಿದ್ರಲ್ಲ, ಅದಕ್ಕೇ...’

‘ಅವ್ನೆಲ್ಲಿ ಹೇಳ್ದ?’ ಅತ್ತೆ ನನ್ನತ್ತ ತಿರುಗಿದರು. ‘ಅವ್ನು ಬರೋಕ್ ಮುಂಚೇನೇ ನೀನು ಎತ್ತಿದ್ದು. ಅವನ ಮೇಲ್ ಯಾಕ್ ಹಾಕ್ತೀಯೇ?’

ನಾನು ಸುಳ್ಳು ಹೇಳಿದ್ದಲ್ಲ. ಅದೇ ನನ್ನನ್ನು ಹೆದರಿಸಿದ್ದು. ಭಾವ ಹುಬ್ಬು ಗಂಟಿಕ್ಕಿ ಆ ಮಾತು ಹೇಳಿದ್ದು, ಕೈಯಲ್ಲಿದ್ದ ಕಾಫಿ ಲೋಟ ಸಮೇತ, ನನ್ನ ನೆನಪಿನಲ್ಲಿತ್ತು. ನನ್ನ ಗಂಡನಿಗೂ ಹಾಗೆಯೇ ಹೇಳಿದ್ದೆ. ನನ್ನೊಳಗಿನ ಮಾತಿಗೆ ಒಂದು ಗಂಡು ಬಾಯಿ ಬೇಕಾಗಿತ್ತು; ಹುಡುಕಿಕೊಂಡಿದ್ದೆ.

ಅದೇ ಮಧ್ಯಾಹ್ನ ಟೀಚರಮ್ಮನ ಬಾಗಿಲಿಗೆ ಹೋದೆ. ಎರಡೂ ಕಡೆಯ ಮಗ್ಗಗಳು ಜೋರಾಗಿ ಓಡುತ್ತಿದ್ದವು. ಅವರು ಬಾಗಿಲು ತೆಗೆದು ಹೊಸ್ತಿಲಲ್ಲೇ ನಿಂತರು.

‘ಅವತ್ತು ನಾನು ಹಂಗೆ ಅನ್ನಬಾರ್ದಾಗಿತ್ತು, ಟೀಚರ್’ ಅಂದೆ. ಆ ಬೀದಿಯಲ್ಲಿ ಅಷ್ಟು ಮೆಲ್ಲಗೆ ನಾನು ಯಾವತ್ತೂ ಮಾತಾಡಿರಲಿಲ್ಲ.

ಅವರು ಕಿವಿಗೆ ಕೈ ಇಟ್ಟರು. ‘ಏನಮ್ಮಾ? ಜೋರಾಗ್ ಹೇಳು.’

ಅದನ್ನೇ ಜೋರಾಗಿ ಹೇಳಬೇಕಿತ್ತು; ಬದಲಿಗೆ ‘ಅತ್ತೆ ಕತೆ ಕೇಳ್ತಾವ್ರೆ!’ ಎಂದು ಕೂಗಿದೆ.

ಅವರು ಕಿವಿಯಿಂದ ಕೈ ತೆಗೆದರು. ‘ಅಕ್ಕನ್ನ ಇಲ್ಲಿಗೇ ಕರ್ಕೊಂಡ್ ಬಂದ್ ಬಿಡು. ಇಲ್ಲೇ ಓದ್ತೀನಿ’ ಅಂದರು.

ಅಂದಿನಿಂದ ದಿನಾ ಅತ್ತೆಯ ಕೈಹಿಡಿದು ಅವರ ಗೇಟಿನವರೆಗೆ ಬಿಡುತ್ತೇನೆ, ಮತ್ತೆ ಕರೆತರುತ್ತೇನೆ. ಅತ್ತೆ ಈಗ ಮೊದಲಿನಂತೆ ಮಾತಾಡುತ್ತಾರೆ. ಪುಸ್ತಕದ ಕೆಂಪು ಕಲೆಯ ಬಗ್ಗೆ ಟೀಚರಮ್ಮ ಕೇಳಿದರಂತೆ. ‘ಅರಿಶ್ನ ನಾನೇ ಹಚ್ಚಿದ್ದು ಅಂದೆ. ಒರಸ್ದೋರ್ಯಾರು ಅಂದ್ರು. ನಂಗ್ ಕಣ್ ಕಾಣಲ್ವಲ್ಲ, ಯಾರ್ಗೊತ್ತು ಅಂದ್ಬಿಟ್ಟೆ. ನಿಂಗೋಸ್ಕರ ಕಣೇ.’ ಅರಿಶಿನ ಹಚ್ಚಿದ್ದಕ್ಕೆ ಟೀಚರಮ್ಮನಿಗೆ ನೋವಾಯಿತೋ ಒರೆಸಿದ್ದಕ್ಕೋ, ಎರಡಕ್ಕೂ ಆಯಿತೋ, ನನಗೆ ತಿಳಿಯದು. ಅವರ ನಂಬಿಕೆಯಲ್ಲಿ ಅದೆಲ್ಲ ಹೇಗೆ ಎಂದು ಇಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಕೇಳಿದವಳಲ್ಲ.

ನಿನ್ನೆ ವಾಪಸ್ ಬರುವಾಗ ಅತ್ತೆಯನ್ನು ಕೇಳಿದೆ: ‘ಕೊನೆಗೆ ಆ ರಾಣಿ ಬಾಗ್ಲು ತೆಗುದ್ಲಾ, ಅತ್ತೆ?’

ಅತ್ತೆ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿದರು. ‘ಆ ಕತೆ ಮುಗ್ದು ಎಷ್ಟ್ ದಿನ ಆಯ್ತು! ಟೀಚರಮ್ಮನ್ನೇ ಕೇಳೋಗು’ ಅಂದರು. ಆಮೇಲೆ, ಮಗ್ಗದ ಸದ್ದಿಗೆ ತಕ್ಕಷ್ಟು ದನಿ ಏರಿಸಿ: ‘ಕೂಗಿ ಕೇಳು.’