ರೇವಣಪ್ಪ ಮಾಡಿಸಿದ ಕತ್ತಿ

ಗೊಳಸಂಗಿಯ ರೇವಣಪ್ಪ ಬಹಳ ಮೆತ್ತಗಿನ ಮನುಷ್ಯ. ಅಂಗಡಿಗೆ ಹೋಗಿ ಸಕ್ಕರೆ ಕೇಳಿದರೂ ಮೊದಲ ಸಲ ಯಾರಿಗೂ ಕೇಳಿಸುತ್ತಿರಲಿಲ್ಲ. ಅದೇ ಮನುಷ್ಯ ಕಾಲಿಗೆ ಗೆಜ್ಜೆ ಕಟ್ಟಿ, ಕತ್ತಿ ಹಿಡಿದು ಬಾಯಿ ತೆರೆದನೆಂದರೆ ಓಣಿಯ ಕೊನೆಯ ಮನೆಯ ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದು ಅಳುತ್ತಿತ್ತು.

ಅವನು ಪುರವಂತ. ಆ ಕಡೆ ವೀರಭದ್ರ ಮನೆದೇವರಾಗಿರುವವರು ಮದುವೆಗೆ ಮುಂಚೆ ಗುಗ್ಗಳ ತೆಗೆಯುತ್ತಾರೆ. ಕೆಂಡ, ಧೂಪ ತುಂಬಿದ ಕೊಡ ಹಿಡಿದು ಮನೆಯವರು ಗುಡಿಗೆ ನಡೆಯುವಾಗ, ಮುಂದೆ ನಿಂತು ವೀರಭದ್ರ ಹುಟ್ಟಿ ಬಂದು ದಕ್ಷನ ಯಜ್ಞ ಕೆಡಿಸಿದ ಕಥೆಯನ್ನು ಒಡಪಿನಲ್ಲಿ, ಅಂದರೆ ಪ್ರಾಸದ ಸಾಲುಗಳಲ್ಲಿ, ಗಟ್ಟಿಯಾಗಿ ಹೇಳುತ್ತ ಹೆಜ್ಜೆ ಹಾಕುವುದು ಪುರವಂತನ ಕೆಲಸ. ರೇವಣಪ್ಪ ಇದನ್ನು ಹದಿನಾರನೆಯ ವಯಸ್ಸಿನಲ್ಲಿ ಅಪ್ಪನ ಬೆನ್ನ ಹಿಂದೆ ನಿಂತು ಕಲಿತಿದ್ದ. ಪುಸ್ತಕ ಇರಲಿಲ್ಲ. ಅಪ್ಪ ಹೇಳಿದ್ದು, ಇವನು ಕೇಳಿದ್ದು, ಅಷ್ಟೇ. ಉಳಿದ ದಿನಗಳಲ್ಲಿ ಹೊಲದಲ್ಲಿ ಜೋಳ, ತೊಗರಿ ಬೆಳೆದುಕೊಂಡು ಹೆಂಡತಿ ಗುರವ್ವನ ಜೊತೆ ಬದುಕು ನಡೆಸಿದ್ದ. ಮಕ್ಕಳಾಗಿರಲಿಲ್ಲ.

ಅವನಿಗೆ ಅರವತ್ತೊಂದು ತುಂಬಿದ ವರ್ಷ, ಬಸವನ ಬಾಗೇವಾಡಿ ಹತ್ತಿರದ ಊರಲ್ಲಿ ಒಂದು ಮದುವೆ ಮನೆಯ ಗುಗ್ಗಳ. ಸಂಬಾಳ ಬಾರಿಸುವವರು ಜೋರು ಹಿಡಿದಿದ್ದರು. ರೇವಣಪ್ಪ ಕತ್ತಿ ಎತ್ತಿ ತಿರುಗಿದ. ಹಿಡಿ ಕೈಯಲ್ಲೇ ಉಳಿಯಿತು. ಅಲಗು ಹಾರಿ ಹೋಗಿ ಮದುಮಗಳ ಕಾಲ ಮುಂದೆ ಬಿತ್ತು. ಯಾರಿಗೂ ತಾಗಲಿಲ್ಲ. ಆದರೆ ಸಂಬಾಳ ನಿಂತಿತು, ಮದುಮಗಳ ತಾಯಿ ಅಪಶಕುನವೆಂದು ಅಳತೊಡಗಿದಳು. "ಕಬ್ಬಿಣ ಹಳೇದಾಗಿತ್ತವಾ, ಏನೂ ಆಗೂದಿಲ್ಲ," ಎಂದು ಹಿರಿಯರು ಸಮಾಧಾನ ಹೇಳಿದರು. ರೇವಣಪ್ಪ ಬರಿ ಹಿಡಿಯನ್ನೇ ಎತ್ತಿಕೊಂಡು ಉಳಿದ ಒಡಪು ಮುಗಿಸಿದ. ಮುರಿದದ್ದನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದವನು ಎರಡು ದಿನ ಊಟ ಮಾಡಲಿಲ್ಲ. ಆ ಕತ್ತಿ ಅವನ ಮುತ್ತಜ್ಜನದು.

ಅಣ್ಣನ ಮಗ ಸಿದ್ದಾರೂಢ ಇಂಡಿ ಪಟ್ಟಣದ ಅಂಗಡಿಯೊಂದರಿಂದ ಹೊಸದೊಂದು ತಂದುಕೊಟ್ಟ. ಕನ್ನಡಿಯಂತೆ ಹೊಳೆಯುತ್ತಿತ್ತು.

"ಇದು ಕತ್ತಿ ಅಲ್ಲೋ, ತಗಡ," ಎಂದ ರೇವಣಪ್ಪ.

"ಮಂದೀಗೇನ್ ಗೊತ್ತಾಗತೈತಿ ಕಾಕಾ? ಮೊಬೈಲ್‌ನ್ಯಾಗ ಚಂದ ಬರತೈತಿ."

ಒಂದು ಗುಗ್ಗಳಕ್ಕೆ ಅದನ್ನೇ ಹಿಡಿದು ಹೋದ. ಕತ್ತಿಗೆ ತೂಕವೇ ಇರಲಿಲ್ಲ. ಮಾತು ಬರುವ ಮೊದಲೇ ಕೈ ಮೇಲೆ ಹೋಗುತ್ತಿತ್ತು. ನಲವತ್ತೈದು ವರ್ಷ ತಪ್ಪದಿದ್ದ ಒಡಪು ಅಂದು ಎರಡು ಕಡೆ ತಪ್ಪಿತು. ಮರುದಿನವೇ ಅವನು ಕತ್ತಿ ಬಡಿಯುವ ಕಮ್ಮಾರನನ್ನು ಹುಡುಕಲು ಹೊರಟ.

ಇಂಡಿಯಲ್ಲಿ ವೆಲ್ಡಿಂಗ್ ಅಂಗಡಿಯವನು, "ಮುರದದ್ದನ್ನ ಹತ್ತ ನಿಮಿಷದಾಗ ಹಚ್ಚಿ ಕೊಡತೇನ್ರಿ. ಬಡದು ಮಾಡೂದು ನಮ್ಮ ಮುತ್ಯಾಗ ಬರತಿತ್ತು," ಎಂದ. ಸಿಂದಗಿಯಲ್ಲಿ ಕಮ್ಮಾರರ ಮನೆ ಸಿಕ್ಕಿತು. ಅಲ್ಲಿ ಕಿಟಕಿಯ ಗ್ರಿಲ್ಲು, ಗೇಟು ಮಾಡುತ್ತಿದ್ದರು. ಮುದ್ದೇಬಿಹಾಳದ ಸಂತೆಯಲ್ಲಿ ಕುಡುಗೋಲು ಮಾರುತ್ತ ಕುಳಿತಿದ್ದ ಮುದುಕಿಯೊಬ್ಬಳು ನಾಲತವಾಡದ ಗೈಬುಸಾಬನ ಹೆಸರು ಹೇಳಿದಳು.

ಗೈಬುಸಾಬನಿಗೆ ಎಪ್ಪತ್ತು ದಾಟಿತ್ತು. ತಗಡಿನ ಚಪ್ಪರದ ಕೆಳಗೆ ಕುಲುಮೆ. ಅವನು ಕಾಯ್ದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದರೆ ಹೆಂಡತಿ ಅಖ್ತರಬೇಗಂ ನಿಂತು ದೊಡ್ಡ ಸುತ್ತಿಗೆ ಹೊಡೆಯುತ್ತಿದ್ದಳು. ಅವನು ಮುರಿದ ಅಲಗನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ಮುರಿದ ಬಾಯಿಯನ್ನು ನೋಡಿದ.

"ಕಾಳು ನೋಡ್ರಿ, ಸಣ್ಣ ರವಾ ಇದ್ದಂಗ ಐತಿ. ಚಲೋ ಉಕ್ಕು. ಹಿಡಿ ಒಳಗ ತುಕ್ಕು ತಿಂದೈತಿ, ಅದಕ್ಕ ಹೋಗೇತಿ."

"ಈ ಉಕ್ಕನ್ನ ಹೊಟ್ಯಾಗ ಹಾಕಿ ಹೊಸಾದು ಮಾಡಾಕ ಬರತೈತೇನ್ರಿ?"

"ಬರತೈತಿ. ಈಚೆಗೊಂದು ಆಚೆಗೊಂದು ಕಬ್ಬಿಣದ ಪಟ್ಟಿ, ನಡುವ ಇದು. ಕಾಸಿ ಬಡದು ಒಂದು ಮಾಡಬೇಕು." ಗೈಬುಸಾಬ ಅಲಗನ್ನು ಕೆಳಗಿಟ್ಟು ಹೇಳಿದ: "ಖರೇ ಹೇಳತೇನ್ರಿ. ಜಲ್ಮದಾಗ ಮೂರ ಕತ್ತಿ ಮಾಡೇನಿ. ಮೂರಕ್ಕೂ ನಮ್ಮ ಅಪ್ಪ ಬಾಜೂ ಕುಂತಿದ್ದ. ನಾ ಒಬ್ಬನ ಮಾಡಿದ್ದಿಲ್ಲ."

"ಮತ್ತ್ಯಾರೂ ಇಲ್ರಿ ಸಾಬ್ರ," ಎಂದ ರೇವಣಪ್ಪ.

ಕತ್ತಿ ದೇವರ ಕೆಲಸಕ್ಕೆ ಎಂದು ಊರ ಹಿರಿಯರಿಂದ ಬರೆಸಿ ರೇವಣಪ್ಪ ಪೊಲೀಸ್ ಠಾಣೆಗೆ ಕೊಟ್ಟು ಬಂದ ಮೇಲೆ ಗೈಬುಸಾಬ ಕೆಲಸ ಹಿಡಿದ. ರೇವಣಪ್ಪ ಪ್ರತಿ ಸೋಮವಾರ ಎರಡು ಬಸ್ಸು ಬದಲಿಸಿ ನಾಲತವಾಡಕ್ಕೆ ಬರುತ್ತಿದ್ದ. ಸುಮ್ಮನೆ ಕೂಡ್ರಲಾಗದೆ ತಿದಿ ಒತ್ತುತ್ತಿದ್ದ. ಜಾಲಿ ಇದ್ದಲು ಕಿಡಿ ಹಾರಿಸುತ್ತಿತ್ತು. ಹಳೆಯ ಚಕ್ಕಡಿಯ ಗಾಲಿಗೆ ಸುತ್ತಿದ್ದ ಕಬ್ಬಿಣದ ಪಟ್ಟಿಗಳ ನಡುವೆ ಮುತ್ತಜ್ಜನ ಕತ್ತಿಯ ಉಕ್ಕು ಸೇರಿತು. ಪ್ರತಿ ಸಲ ಬಡಿದಾಗಲೂ ಕಪ್ಪು ಕಿಟ್ಟ ಹಾಳೆ ಹಾಳೆಯಾಗಿ ಉದುರುತ್ತಿತ್ತು. ಅಷ್ಟು ಕಬ್ಬಿಣ ಕಡಿಮೆಯಾದಂತೆ ಎಂದು ಗೈಬುಸಾಬ ಹೇಳಿದಾಗಿನಿಂದ ರೇವಣಪ್ಪನಿಗೆ ಆ ಕಿಟ್ಟವನ್ನು ತುಳಿಯಲು ಮನಸ್ಸಾಗುತ್ತಿರಲಿಲ್ಲ.

ಮೂರನೆಯ ತಿಂಗಳಲ್ಲಿ ಅವನ ದನಿ ಒಡೆಯಿತು. ಕುಲುಮೆಯ ಹೊಗೆ ಎಂದುಕೊಂಡ. ಗುರವ್ವ ಅರಿಷಿಣ ಹಾಕಿದ ಹಾಲು ಕೊಟ್ಟಳು, ಜ್ಯೇಷ್ಠಮಧು ಬಾಯಲ್ಲಿಡಿಸಿದಳು. ಕಡಿಮೆಯಾಗಲಿಲ್ಲ. ಒಂದು ಸೋಮವಾರ ಅಖ್ತರಬೇಗಂ ಸುತ್ತಿಗೆ ಕೆಳಗಿಟ್ಟು ಕೇಳಿದಳು:

"ಅಣ್ಣಾ, ವಾರದಿಂದ ವಾರಕ್ಕ ನಿಮ್ಮ ದನಿ ಇಳಿಯಾಕತ್ತೈತಿ. ದವಾಖಾನಿಗೆ ತೋರಸ್ರಿ."

"ಇದೊಂದು ಮುಗೀಲಿ ಅಕ್ಕಾ. ಆಮ್ಯಾಲ ತೋರಸ್ತೇನಿ."

ಅಲಗು ಗಡುಸಾಗಲೆಂದು ಕಾಸಿ ನೀರು ಕುಡಿಸುವ ದಿನ ಬಂತು. ಕಬ್ಬಿಣದ ಬಣ್ಣ ಸರಿಯಾಗಿ ಕಾಣಲೆಂದು ಚಪ್ಪರದ ಸುತ್ತ ಗೋಣಿಚೀಲ ಇಳಿಬಿಟ್ಟು ಕತ್ತಲೆ ಮಾಡಿದರು. ಅಲಗು ತುದಿಯಿಂದ ಬುಡದವರೆಗೆ ಒಂದೇ ಕೆಂಪಿಗೆ ಬರುವುದನ್ನು ಗೈಬುಸಾಬ ಕಾದ. ತೆಗೆದು ನೀರಿಗಿಳಿಸಿದ. ಹಬೆ ಎದ್ದಿತು. ಅದರ ನಡುವೆ ಟಿಣ್ ಎಂದು ಒಂದು ಸಣ್ಣ ಸಪ್ಪಳ. ಬಳೆ ಒಡೆದಷ್ಟು ಸಣ್ಣದು. ಮೂವರೂ ಕೇಳಿಸಿಕೊಂಡರು.

ಬೆಳಕಿಗೆ ತಂದು ನೋಡಿದರೆ ಅಲಗಿನ ನಡುವೆ ಕೂದಲೆಳೆಯಂಥ ಬಿರುಕು.

"ಸಾಣಿ ಹಿಡದ್ರ ಹೋಗೂದಿಲ್ಲೇನ್ರಿ?" ರೇವಣಪ್ಪ ಕೇಳಿದ. ಅಷ್ಟು ಹೊತ್ತಿಗೆ ಅವನ ದನಿ ಬರಿ ಗೊರಗೊರ ಆಗಿತ್ತು.

"ಸಾಣಿ ಹಿಡದ್ರ ಕಾಣೂದಿಲ್ಲ. ಆದ್ರ ಹೋಗೂದಿಲ್ಲ." ಗೈಬುಸಾಬ ಅಲಗನ್ನು ಅಡಿಗಲ್ಲಿನ ಮೇಲೆ ಇಟ್ಟು ಒಂದೇ ಏಟಿಗೆ ಎರಡು ಮಾಡಿದ. ಆಮೇಲೆ ಕುಲುಮೆಗೆ ಬೆನ್ನು ಮಾಡಿ ಕುಳಿತ. "ಅಪ್ಪ ಇದ್ದಿದ್ರ ಹೇಳತಿದ್ದ. ಈ ಉಕ್ಕಿಗೆ ನೀರು ಬ್ಯಾಡ, ಎಣ್ಣಿ ಬೇಕು. ನನಗ ಹೊಳೀಲಿಲ್ಲ."

ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಹಳೆಯ ಉಕ್ಕು ಅರ್ಧ ಕತ್ತಿಗೂ ಸಾಲುವಷ್ಟು ಉಳಿದಿರಲಿಲ್ಲ. ಲಾರಿಯ ಸ್ಪ್ರಿಂಗ್ ಪಾಟಾದ ತುಂಡು ಸೇರಿಸಿ, ಮುತ್ತಜ್ಜನ ಉಕ್ಕನ್ನು ತುದಿಯ ಗೇಣಿಗಷ್ಟೇ ಇಟ್ಟರು. ಗುರವ್ವ ದಿನಾ ಬೆಳಿಗ್ಗೆ ದವಾಖಾನೆಯ ಮಾತೆತ್ತುತ್ತಿದ್ದಳು. "ಈ ತಿಂಗಳ ಮುಗೀತೈತಿ," ಎನ್ನುತ್ತಿದ್ದ ಅವನು. ಆ ತಿಂಗಳು ಮುಗಿಯಲಿಲ್ಲ. ಅಖ್ತರಬೇಗಂಳ ಭುಜ ನೋವು ಹಿಡಿದು ಮೂರು ವಾರ ಸುತ್ತಿಗೆ ಎತ್ತಲಾಗಲಿಲ್ಲ. ಹೀಗೇ ಮಳೆಗಾಲ ಕಳೆಯಿತು.

ಒಂದು ಮುಂಜಾನೆ ಮುಖ ತೊಳೆಯುವಾಗ ಬಾಯಿಂದ ರಕ್ತ ಬಂತು. ಗುರವ್ವ ಇನ್ನು ಅವನ ಮಾತು ಕೇಳಲಿಲ್ಲ. ಸಿದ್ದಾರೂಢನನ್ನು ಕರೆದುಕೊಂಡು ವಿಜಯಪುರಕ್ಕೆ ಒಯ್ದಳು. ಗಂಟಲಿಗೆ ನಳಿಗೆ ಹಾಕಿ ನೋಡಿದರು, ಒಂದು ತುಣುಕು ತೆಗೆದು ತಪಾಸಣೆಗೆ ಕಳಿಸಿದರು. ಎಂಟು ದಿನದ ಮೇಲೆ ಡಾಕ್ಟರು ಕೂರಿಸಿಕೊಂಡು ಹೇಳಿದರು: ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು. ಆರು ತಿಂಗಳು ಮೊದಲೇ ಬಂದಿದ್ದರೆ ಬರಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟು ದನಿ ಉಳಿಸಲು ನೋಡಬಹುದಿತ್ತು.

ರೇವಣಪ್ಪ ಗೊರಗುಡುವ ದನಿಯಲ್ಲಿ, "ತಗೀಬ್ಯಾಡ್ರಿ. ಎಷ್ಟ ದಿನ ಇರತೇನೋ ಇರತೇನಿ," ಎಂದ.

"ನನಗ ಯಾರದಾರ?" ಎಂದಳು ಗುರವ್ವ. ಅಷ್ಟೇ ಕೇಳಿದಳು. ಅವನು ಸಹಿ ಮಾಡಿದ.

ಆಪರೇಶನ್, ಆರೈಕೆ ಎಂದು ಕಳೆದ ಎರಡು ತಿಂಗಳು ನಾಲತವಾಡಕ್ಕೆ ಯಾರೂ ಹೋಗಲಿಲ್ಲ. ಹೊಲದ ಕೆಲಸ ಇರಬೇಕೆಂದುಕೊಂಡು ಗೈಬುಸಾಬ, ಅಖ್ತರಬೇಗಂ ತಾವೇ ಕತ್ತಿ ಮುಗಿಸಿದರು. ಕುಸುಬಿ ಎಣ್ಣೆಯಲ್ಲಿ ಅಲಗು ಇಳಿಸಿದಾಗ ಯಾವ ಸಪ್ಪಳವೂ ಆಗಲಿಲ್ಲ.

ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಗುರವ್ವನ ಜೊತೆ ರೇವಣಪ್ಪ ಬಂದಾಗ ಗೈಬುಸಾಬ ಎದ್ದು ಒಳಗೆ ಓಡಿದ. ಚಳಿಗೆ ಕೊರಳು ಸುತ್ತಿಕೊಂಡಿದ್ದಾನೆ ಎಂದೇ ತಿಳಿದಿದ್ದ. ಕತ್ತಿ ತಂದು ಎರಡೂ ಕೈಯಿಂದ ಅವನ ಕೈಗಿಟ್ಟ. ಉಗುರಿನಿಂದ ಮೀಟಿ ತೋರಿಸಿದ. ಅಲಗು ಗುಂಯ್ ಎಂದು ಬಹಳ ಹೊತ್ತು ನುಡಿಯಿತು.

"ಹೆಂಗೈತ್ರಿ? ಹಿಡದು ಒಂದ ಒಡಪು ಹೇಳ್ರಿ, ತೂಕ ನೋಡೋಣು. ನಾನೂ ಇವಳೂ ಒಮ್ಮೆನೂ ಕೇಳಿಲ್ಲ."

ರೇವಣಪ್ಪ ಹೆಂಡತಿಯ ಕಡೆ ನೋಡಿದ.

"ದನಿ ತಗದಾರ್ರಿ ಸಾಬ್ರ," ಎಂದಳು ಗುರವ್ವ. "ಗಂಟಲದಾಗಿನ ಪೆಟಗೀನ ತಗದಾರ."

ಗೈಬುಸಾಬನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಅಡಿಗಲ್ಲಿನ ಪಕ್ಕ ಕುಳಿತ. "ಮೊದಲ್ನೇ ಸಲಕ್ಕ ಕತ್ತಿ ಆಗಿದ್ರ ನೀವು ಆವಾಗ ದವಾಖಾನಿಗೆ ಹೋಗತಿದ್ರಿ," ಎಂದ. ರೇವಣಪ್ಪ ಬಾಗಿ ಅವನ ಹೆಗಲ ಮೇಲೆ ಕೈಯಿಟ್ಟ. ಆಮೇಲೆ ಸ್ವಲ್ಪ ಹಿಂದೆ ಸರಿದು ನಿಂತು ಕತ್ತಿ ಎತ್ತಿದ. ತೂಕ ಸರಿಯಾಗಿತ್ತು, ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಕುಲುಮೆಯ ಕಪ್ಪು ನೆಲದ ಮೇಲೆ ಮುಂದೆ ಮೂರು ಹೆಜ್ಜೆ, ಹಿಂದೆ ಎರಡು ಹಾಕಿದ. ತುಟಿ ಆಡುತ್ತಿದ್ದವು. ಕೊರಳ ಬಟ್ಟೆಯ ಹಿಂದಿನಿಂದ ಗಾಳಿ ಸುಯ್ ಸುಯ್ ಎಂದು ಹೋಗಿ ಬರುತ್ತಿತ್ತು. ಅಖ್ತರಬೇಗಂ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಆ ಬೇಸಿಗೆಯಲ್ಲಿ ಒಂದು ಗುಗ್ಗಳಕ್ಕೆ ಸಿದ್ದಾರೂಢ ಅವನನ್ನು ಕರೆದೊಯ್ದ. ಹಿಂದೆ ಯಾವಾಗಲೋ ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ರೇವಣಪ್ಪನ ದನಿಯನ್ನೇ ಸ್ಪೀಕರಿನಲ್ಲಿ ಹಾಕಿದರು. ಅವನು ಕತ್ತಿ ಹಿಡಿದು ಅದರ ಮುಂದೆ ಹೆಜ್ಜೆ ಹಾಕಿದ. ನಾಲ್ಕು ನಿಮಿಷಕ್ಕೆ ದನಿ ನಿಂತಿತು, ಇದ್ದದ್ದೇ ಅಷ್ಟು. ಮತ್ತೆ ಮೊದಲಿನಿಂದ ಹಾಕಿದರು. ಜನ ಅವನ ಮುಖ ನೋಡಲಾಗದೆ ಕೊಡದ ಕಡೆ ನೋಡಿದರು. ಆಮೇಲೆ ಯಾರೂ ಕರೆಯಲಿಲ್ಲ. ಸಿದ್ದಾರೂಢ ಕಾಕನಿಂದ ಕೇಳಿ ತನಗೆ ಬರುವ ಕಾಲು ಭಾಗ ಒಡಪನ್ನೇ ಹೇಳಿ ಕೆಲಸ ಸಾಗಿಸುತ್ತಾನೆ. ಹಿಡಿಯುವುದು ಇಂಡಿಯಿಂದ ತಂದದ್ದನ್ನೇ. ಹೊಸ ಕತ್ತಿ ಅವನಿಗೆ ಭಾರ. "ರಟ್ಟಿ ಹಿಡಕೋತೈತಿ ಕಾಕಾ," ಎನ್ನುತ್ತಾನೆ.

ನಾಲತವಾಡದ ಕುಲುಮೆ ಈಗ ಉರಿಯುವುದಿಲ್ಲ. ಗೈಬುಸಾಬ ಮತ್ತೆ ಸುತ್ತಿಗೆ ಮುಟ್ಟಲಿಲ್ಲ.

ರೇವಣಪ್ಪ ಸಾಲಿ ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ಈ ವರ್ಷ ಗುರವ್ವ ಒಂದು ನೋಟುಬುಕ್ಕು ತಂದುಕೊಟ್ಟಳು, ಇದ್ದಷ್ಟು ಒಡಪನ್ನಾದರೂ ಬರೆದಿಡಲೆಂದು. ದಪ್ಪ ದಪ್ಪ ಅಕ್ಷರದಲ್ಲಿ ಹದಿನೇಳು ಪುಟ ಬರೆದ. ಅಲ್ಲಿಗೆ ನಿಂತಿತು. ಬಾಯಲ್ಲಿ ಹೇಳುವಾಗ ಒಂದು ಸಾಲು ಇನ್ನೊಂದನ್ನು ಎಳೆದು ತರುತ್ತಿತ್ತು. ಪೆನ್ನು ಹಿಡಿದರೆ ಬರುವುದಿಲ್ಲ. ಬರೆಯುತ್ತಾನೆ, ಹೊಡೆದು ಹಾಕುತ್ತಾನೆ, ಅಂಗಳದಲ್ಲಿ ಎದ್ದು ನಾಲ್ಕು ಹೆಜ್ಜೆ ಹಾಕಿ ನೋಡಿ ಮತ್ತೆ ಬಂದು ಕೂಡುತ್ತಾನೆ.

"ಬಿಡ್ರಿ, ನಾಳಿ ಬರದ್ರಾತು," ಎನ್ನುತ್ತಾಳೆ ಗುರವ್ವ.

ಅವನು ಇಲ್ಲ ಎಂದು ತಲೆಯಾಡಿಸುತ್ತಾನೆ. ಅಪ್ಪ ಹೇಳಿಕೊಟ್ಟ ಸಾಲುಗಳು ದಿನಕ್ಕೊಂದರಂತೆ ಮರೆಯುತ್ತಿರುವುದು ಅವನೊಬ್ಬನಿಗೇ ಗೊತ್ತು. ಅಕ್ಷರ ಬಾರದ ಅವಳಿಗೆ ಅದನ್ನು ಹೇಗೆ ತಿಳಿಸಬೇಕೆಂದು ಅವನಿಗೆ ತಿಳಿಯುವುದಿಲ್ಲ.