ಬೀರುವಿನಲ್ಲಿಟ್ಟ ಬ್ಯಾಕಪ್

ಮತ್ತಿಕೆರೆಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಪಂಡಿತ ಅಂದರೆ ನಾನೇ. ಈ ಬಿರುದು ಯಾರೂ ಕೊಟ್ಟದ್ದಲ್ಲ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದಿದ್ದೆ, ಅವತ್ತು ನನಗೆ ನಾನೇ ದಯಪಾಲಿಸಿಕೊಂಡದ್ದು. ಹಾಗಾಗಿ 2012ರಲ್ಲಿ ಕೆಳಗಿನ ಮನೆಯ ಸೋದರತ್ತೆ ಒಂದು ಡೆಸ್ಕ್‌ಟಾಪ್ ಕೊಂಡಾಗ ಅದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಕೊರಳು ಚಾಚಿಕೊಂಡೇ ನಿಂತಿದ್ದೆ ಅನ್ನಿ.

ಅತ್ತೆ ಅಪ್ಪನ ಒಬ್ಬಳೇ ತಂಗಿ. ಮದುವೆಯಾಗದೆ, ಪ್ರೈಮರಿ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದವರು. ಅಪ್ಪ ತೀರಿಕೊಂಡ ಮೇಲೆ, ಮತ್ತಿಕೆರೆ ಹಳ್ಳಿಯಾಗಿದ್ದ ಕಾಲದ ಸುದ್ದಿ ತಲೆಯಲ್ಲಿದ್ದವರು ಮನೆಯಲ್ಲಿ ಅವರೊಬ್ಬರೇ. ಆ ತಲೆಗೇ ಮರೆವು ಶುರುವಾಗಿತ್ತು. ಒಲೆಯ ಮೇಲಿನ ಹಾಲು ಮರೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅತ್ತೆ ನಲವತ್ತು ವರ್ಷ ಪಕ್ಕದಲ್ಲೇ ಇದ್ದವರ ಹೆಸರಿಗೆ ತಡಕಾಡುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

"ಪೂರ್ತಿ ಹೋಗೋಕ್ ಮುಂಚೆ ಎಲ್ಲಾ ಬರ್ದಿಟ್ಬಿಡ್ತೀನಿ ಕಣೋ," ಎಂದರು ಒಂದು ದಿನ, ಹುರುಳಿಕಾಯಿ ಮುರಿಯುತ್ತಾ.

ಬರೆದದ್ದು ಕಳೆದುಹೋಗಬಾರದಲ್ಲ, ಅದಕ್ಕೇ ಪಂಡಿತರು ಬ್ಯಾಕಪ್ ಸಾಫ್ಟ್‌ವೇರ್ ಹಾಕಿದರು. ಅದರ ಜನರಲ್ ಸೆಟ್ಟಿಂಗ್ಸ್ ಎಂಬ ಪುಟವನ್ನು ತೆರೆದು, ಕುರ್ಚಿ ಎಳೆದುಕೊಂಡು ಕೂತ ನನ್ನ ಗತ್ತನ್ನು ನೀವು ನೋಡಬೇಕಿತ್ತು. ಕಂಪ್ಯೂಟರ್ ಆನ್ ಆದೊಡನೆ ತಾನೂ ಆನ್ ಆಗಬೇಕೇ? ಆಗಲಿ. ದಿನಾ ಎಷ್ಟು ಹೊತ್ತಿಗೆ ನಕಲು ಮಾಡಬೇಕು? ಸಂಜೆ ಆರಕ್ಕೆ, ಅತ್ತೆ ಟೈಪಿಂಗ್ ಬಿಟ್ಟು ಟೀವಿ ಮುಂದೆ ಕೂರುವ ಹೊತ್ತಿಗೆ. ಎಲ್ಲಿಗೆ? ಹೊಸದಾಗಿ ತಂದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ. ಕೆಲಸ ಕೆಟ್ಟರೆ ಯಾರಿಗೆ ಈಮೇಲ್ ಕಳಿಸಬೇಕು? ಇನ್ಯಾರಿಗೆ, ನನಗೇ. ಆಮೇಲೆ ಆ ಡಿಸ್ಕನ್ನು ಅತ್ತೆಗೆ ತೋರಿಸಿ, ನೀವು ಬರೆದದ್ದೆಲ್ಲ ಇದರೊಳಗೇ ಇರುತ್ತೆ, ಜೋಪಾನ ಅಂತ ಉಪದೇಶ ಮಾಡಿದೆ. ಅವರು ಶಾಲೆಯ ಮಗುವಿನ ಹಾಗೆ ತಲೆಯಾಡಿಸಿದರು.

ಮೊದಲ ವಾರ ದಿನಾ ಸಂಜೆ ಬ್ಯಾಕಪ್ ಮುಗಿಯಿತು ಎಂಬ ಸಂದೇಶ ಪರದೆಯ ಮೂಲೆಯಲ್ಲಿ ಬಂದು ಹೋಗುತ್ತಿತ್ತು. ಎರಡನೆಯ ವಾರ ಅತ್ತೆ ಕೆಳಗಿನಿಂದ ಕೂಗತೊಡಗಿದರು. ಏನೋ ಕೆಂಪಗೆ ಬಂದಿದೆ, ಬಂದು ನೋಡಪ್ಪ ಅಂತ. ನಾನು ಮೇಲೆ ಕ್ರಿಕೆಟ್ ನೋಡುತ್ತಿದ್ದೆ. ಮರುದಿನವೂ ಅದೇ ಕೂಗು, ಅದರ ಮರುದಿನವೂ. ಮೂರನೆಯ ದಿನ ದಡದಡನೆ ಇಳಿದು ಹೋದೆ. ಕೆಂಪಗೆ ಬಂದದ್ದನ್ನು ಓದುವ ಗೋಜಿಗೆ ಹೋಗಲಿಲ್ಲ. ಓದುವುದೇನಿದ್ದರೂ ಸಾಮಾನ್ಯ ಜನರ ಕೆಲಸ. ಸೀದಾ ಜನರಲ್ ಸೆಟ್ಟಿಂಗ್ಸಿಗೆ ಹೋಗಿ, ಬಳಸುವವರಿಗೆ ಯಾವ ಸಂದೇಶವನ್ನೂ ತೋರಿಸಬೇಡ ಎಂಬ ಚೌಕದೊಳಗೆ ಟಿಕ್ ಹಾಕಿ, ಇನ್ನು ನಿಮಗೆ ಯಾವ ಕಾಟವೂ ಇಲ್ಲ ಅತ್ತೆ ಎಂದು ಮ್ಯಾಚಿಗೆ ವಾಪಸಾದೆ.

ಆಮೇಲೆ ಆ ಕಾಟ ನನ್ನ ಈಮೇಲಿನ ಪೆಟ್ಟಿಗೆಯಲ್ಲಿ ಕಾಣಿಸಿಕೊಂಡಿತು. ದಿನಾ ಆರಕ್ಕೆ ಒಂದು ಮೇಲ್. ಅದಕ್ಕೂ ಪಂಡಿತರ ಬಳಿ ಮದ್ದಿತ್ತು. ಆ ವಿಳಾಸದಿಂದ ಬಂದದ್ದೆಲ್ಲ ತಾನಾಗಿಯೇ ಬೇರೊಂದು ಫೋಲ್ಡರಿಗೆ ಹೋಗಿ ಬೀಳುವಂತೆ ಮಾಡಿ ಕೈತೊಳೆದುಕೊಂಡೆ. ಎಷ್ಟು ಅಚ್ಚುಕಟ್ಟು ನೋಡಿ.

ಮೂರು ವರ್ಷ ಅತ್ತೆ ಬರೆದರು. ಮೆಟ್ಟಿಲಿಳಿಯುವಾಗ ಕೀಬೋರ್ಡಿನ ಟಕಟಕ ಕೇಳುತ್ತಿತ್ತು. ಒಂದ್ಸಲ ಕೂತು ಓದೋ ಎಂದು ಆಗಾಗ ಕರೆಯುತ್ತಿದ್ದರು. ಭಾನುವಾರ ಬರ್ತೀನಿ ಎನ್ನುತ್ತಿದ್ದೆ. ನನ್ನ ಭಾನುವಾರಗಳಿಗೆ ಬೇರೆ ಘನಕಾರ್ಯಗಳಿದ್ದವು.

ಒಂದು ಮಳೆಗಾಲದ ಮಧ್ಯಾಹ್ನ ಬೀದಿಯ ಟ್ರಾನ್ಸ್‌ಫಾರ್ಮರ್ ಢಮಾರ್ ಎಂದಿತು. ಅದರ ಜೊತೆಗೆ ಅತ್ತೆಯ ಕಂಪ್ಯೂಟರೂ ಹೋಯಿತು. ಯಶವಂತಪುರದ ರಿಪೇರಿ ಅಂಗಡಿಯವನು ಎರಡು ದಿನ ಇಟ್ಟುಕೊಂಡು, ಒಳಗಿನ ಡಿಸ್ಕ್ ಸುಟ್ಟಿದೆ, ಏನೂ ಬರಲ್ಲ, ಬ್ಯಾಕಪ್ ಇದೆಯಾ ಸಾರ್ ಅಂದ. ನಾನು ನಕ್ಕೆ. ಆ ಪ್ರಶ್ನೆಗೆಂದೇ ಮೂರು ವರ್ಷದಿಂದ ಕಾದಿದ್ದವನ ನಗು ಅದು.

ಮನೆಗೆ ಬಂದು ಅತ್ತೆಯನ್ನು ಹಾರ್ಡ್ ಡಿಸ್ಕ್ ಕೇಳಿದೆ. ಅವರು ಸೊಂಟದ ಬೀಗದ ಕೈ ತೆಗೆದು ಬೀರು ತೆರೆದರು. ರೇಷ್ಮೆ ಸೀರೆಗಳ ಹಿಂದೆ ಕೈಹಾಕಿ ಒಂದು ಗಂಟು ತೆಗೆದರು. ಟವೆಲಿನೊಳಗೆ ಡಬ್ಬ, ಡಬ್ಬದೊಳಗೆ ಡಿಸ್ಕ್, ಹುಳ ಹಿಡಿಯದಿರಲೆಂದು ಪಕ್ಕದಲ್ಲೇ ಎರಡು ನುಸಿಗುಳಿಗೆ.

"ನೀನೇ ಹೇಳಿದ್ಯಲ್ಲಪ್ಪ, ಜೋಪಾನ ಅಂತ. ಒಂದು ವಾರ ಹೊರಗಿಟ್ಟಿದ್ದೆ, ಮನಸ್ಸು ತಡೀಲಿಲ್ಲ," ಎಂದರು.

ಬೆಲೆಬಾಳುವುದನ್ನೆಲ್ಲ ಬೀರುವಿನಲ್ಲಿಡುವ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಆ ಡಿಸ್ಕ್ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರಬೇಕು ಎಂಬ ಒಂದು ಮಾತು ಹೇಳಲು ನನ್ನ ಪಾಂಡಿತ್ಯಕ್ಕೆ ಹೊಳೆದಿರಲಿಲ್ಲ. ಒಳಗೆ ಮೊದಲ ವಾರದ ಐದು ಫೈಲುಗಳಿದ್ದವು, ಅಷ್ಟೇ. ಯಾರ ಮೇಲೆ ರೇಗಲಿ? ಹಾಳಾದ ನನ್ನ ಮೇಲೇ ರೇಗಿಕೊಂಡು ಮೇಲೆ ಹೋಗಿ ಆ ಫೋಲ್ಡರ್ ತೆರೆದೆ. ಸಾವಿರ ಚಿಲ್ಲರೆ ಮೇಲ್‌ಗಳು, ಒಂದನ್ನೂ ತೆರೆದಿರಲಿಲ್ಲ. ನಕಲು ಇಡಬೇಕಾದ ಡಿಸ್ಕ್ ಸಿಗುತ್ತಿಲ್ಲ ಎಂದು ಆ ಸಾಫ್ಟ್‌ವೇರ್ ದಿನಾ ಬರೆದಿತ್ತು. ಕೆಳಗಿನ ಮನೆಯ ದೂರು ಯಾವ ಯಾವ ದೇಶ ಸುತ್ತಿಯೋ ಮೇಲಿನ ಮನೆಗೆ ತಪ್ಪದೆ ಬಂದಿತ್ತು. ಹದಿನೈದು ಮೆಟ್ಟಿಲು ಇಳಿಯಲಾಗದವನು ನಾನೊಬ್ಬನೇ. ಪ್ರತಿ ಮೇಲ್‌ನ ಕೊನೆಗೆ, ನಕಲಾಗದೆ ಉಳಿದ ಫೈಲುಗಳ ಹೆಸರುಗಳಿದ್ದವು.

ಕೊನೆಯ ಮೇಲನ್ನು ಪ್ರಿಂಟ್ ತೆಗೆದುಕೊಂಡು ಮರುದಿನ ಬೆಳಿಗ್ಗೆ ಕೆಳಗಿಳಿದೆ. ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಅತ್ತೆ, ಹೋಗಲಿ ಬಿಡು, ನೀನು ಹೆಸರು ಓದು, ನಾನು ಹೇಳುತ್ತೇನೆ, ಬರೆದುಕೋ ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಮೊದಲ ಫೈಲಿನ ಹೆಸರು, ಕೆರೆ ಕೋಡಿ ಒಡೆದದ್ದು ಎಂದೆ. ಅರ್ಧ ಗಂಟೆ ನಿಲ್ಲಿಸದೆ ಹೇಳಿದರು. ಮದುವೆ ಬೇಡ ಅಂದದ್ದು ಎಂದೆ. ನಗುನಗುತ್ತಾ ಹೇಳಿದರು, ವರನ ಕಡೆಯವರನ್ನು ಹೆಸರು ಹಿಡಿದು ಬಯ್ದರು. ನನಗೆ ಧೈರ್ಯ ಬಂತು. ಮೂರನೆಯ ಹೆಸರು, ಅಣ್ಣ ಕೊನೇಲಿ ಹೇಳಿದ್ದು.

ಅಣ್ಣ ಅಂದರೆ ನನ್ನ ಅಪ್ಪ. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಾನು ಕೆಳಗೆ ಮಾತ್ರೆ ತರಲು ಹೋಗಿದ್ದೆ. ಪಕ್ಕದಲ್ಲಿದ್ದವರು ಅತ್ತೆ ಒಬ್ಬರೇ.

ಅವರು ಇನ್ನೊಂದು ಸಲ ಓದು ಎಂದರು. ಓದಿದೆ. ಕಿಟಕಿಯ ಕಡೆ ನೋಡಿದರು, ಬೆರಳು ಸೆರಗಿನ ಅಂಚನ್ನು ಸುತ್ತಿ ಬಿಡಿಸುತ್ತಿತ್ತು. ನಾನು ಪೆನ್ನು ಹಿಡಿದು ಕಾದೆ.

"ನಿನ್ ಬಗ್ಗೇನೇ ಏನೋ ಅಂದ ಕಣೋ," ಎಂದರು. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು. "ಚೆನ್ನಾಗ್ ಬರ್ದಿದ್ನಲ್ಲ, ನೀನ್ ಓದ್ಲಿಲ್ವಾ?"