ಬೆಲ್ಲ ಸೀದ ವಾಸನೆ

ಯೋಗಾನರಸಿಂಹ ಮೇಷ್ಟ್ರಿಗೆ ಮೂರ್ಛೆ ಬರುವ ಮುಂಚೆ ಬೆಲ್ಲ ಸೀದ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ಎಡಗೈ ಹೆಬ್ಬೆರಳು ತಾನಾಗಿ ಅದುರುತ್ತಿತ್ತು. ಅಲ್ಲಿಂದ ಮುಂದಿನದು ಅವರಿಗೆ ಗೊತ್ತಿರುತ್ತಿರಲಿಲ್ಲ. ಎಚ್ಚರವಾದಾಗ ನೆಲದ ಮೇಲೆ ಬಿದ್ದಿರುತ್ತಿದ್ದರು, ಕಚ್ಚಿಕೊಂಡ ನಾಲಿಗೆಯಿಂದ ಬಾಯಿತುಂಬ ರಕ್ತದ ರುಚಿ. ಬೇರೆ ಸೀಮೆಯಲ್ಲಿ ಹುಟ್ಟಿದ್ದರೆ ಆ ವಾಸನೆ ಅವರನ್ನು ಎಚ್ಚರಿಸಿ ಕಾಪಾಡುತ್ತಿತ್ತೇನೋ. ನಮ್ಮ ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ಊರೂರಿಗೂ ಬೆಲ್ಲ ಕಾಯಿಸುವ ಆಲೆಮನೆ. ವರ್ಷದಲ್ಲಿ ನಾಲ್ಕೈದು ತಿಂಗಳು ಅವರು ಗಾಳಿ ಬೀಸಿದಾಗಲೆಲ್ಲ ನಿಂತು, ಇದು ಹೊರಗಿನದೋ ತನ್ನ ತಲೆಯೊಳಗಿನದೋ ಎಂದು ಹೆದರುತ್ತಿದ್ದರು.

ಮಳವಳ್ಳಿಯ ಪ್ರೌಢಶಾಲೆಯೊಂದರಲ್ಲಿ ಅವರು ಗಣಿತ ಹೇಳುತ್ತಿದ್ದರು, ನಾನು ಕನ್ನಡ. ಹನ್ನೆರಡನೆಯ ವಯಸ್ಸಿಗೆ ಅವರಿಗೆ ಮೊದಲ ಸಲ ಮೂರ್ಛೆ ಬಂದಿತ್ತು. ಅವತ್ತಿನಿಂದ ತಾಯಿ ತಿರುಮಲಮ್ಮನವರು ಮಗನನ್ನು ಬಾವಿಕಟ್ಟೆಗೆ ಬಿಡಲಿಲ್ಲ, ಒಲೆಯ ಹತ್ತಿರ ಕೂರಿಸಲಿಲ್ಲ, ಸೈಕಲ್ಲು ಮುಟ್ಟಿಸಲಿಲ್ಲ. ಮದುವೆಯ ಮಾತು ಬಂದಾಗ ಮೇಷ್ಟ್ರೇ ಹೆಣ್ಣಿನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟರು. ಎರಡು ಕಡೆ ಬಾಗಿಲು ಮುಚ್ಚಿತು. ಮೂರನೆಯ ಮನೆಯಲ್ಲಿ ಆಂಡಾಳ್ ಒಪ್ಪಿಕೊಂಡರು.

ನಮ್ಮ ಶಾಲೆಯ ಜವಾನ ಪುಟ್ಟಮಾದಯ್ಯ ಆತಗೂರಿನ ಕಡೆಯವನು. ಮೇಷ್ಟ್ರಿಗಿಂತ ಎರಡು ವರ್ಷ ದೊಡ್ಡವನು, ಅವರ ಏಕೈಕ ಗೆಳೆಯ. ಸೈಕಲ್ಲು ಕಲಿಸಿದವನೂ ಅವನೇ, ನಾಲೆಯಲ್ಲಿ ಸೊಂಟಮಟ್ಟ ನೀರಿದ್ದಾಗ ಈಜು ಕಲಿಸಿದವನೂ ಅವನೇ. ಇದು ತಾಯಿಗೆ ಬಹಳ ದಿನ ಗೊತ್ತಿರಲಿಲ್ಲ. ಮೈಸೂರಿನ ಡಾಕ್ಟರರು ಕೊಟ್ಟ ಮಾತ್ರೆ ಹಿಡಿಸಿ ಐದು ವರ್ಷ ಮೂರ್ಛೆ ಬರಲಿಲ್ಲ. ಆದರೂ ಒಬ್ಬರೇ ನೀರಿಗಿಳಿಯಕೂಡದೆಂದು ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದರು. ಮೇಷ್ಟ್ರು ಒಂದು ದಿನವೂ ಆ ಮಾತು ಮೀರಿದವರಲ್ಲ.

ಎಪ್ಪತ್ತಾರರ ದಸರೆ ಕಳೆದ ಮೇಲೆ ಅವರ ಏಳು ವರ್ಷದ ಮಗಳು ಚೂಡಾಮಣಿ ಜ್ವರ ಬಂದು ಮಲಗಿದಳು. ಎರಡನೆಯ ದಿನ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಸೆಟೆದವು. ಎರಡು ನಿಮಿಷವೂ ಆಗಲಿಲ್ಲ. ಜ್ವರಕ್ಕೆ ಹಾಗಾಗುವುದುಂಟು ಎಂದು ಡಾಕ್ಟರರು ಹೇಳಿದರು. ತಿರುಮಲಮ್ಮನವರು ನಂಬಲಿಲ್ಲ. ಮೊಮ್ಮಗಳ ಆಟ ನಿಂತಿತು, ಹಿತ್ತಲಿಗೆ ಹೋಗುವುದು ನಿಂತಿತು. ಸಂಜೆ ಬೀದಿಯ ಮಕ್ಕಳು ಕುಂಟೆಬಿಲ್ಲೆ ಆಡುವಾಗ ಆ ಹುಡುಗಿ ಜಗಲಿಯ ಕಂಬ ಹಿಡಿದು ನೋಡುತ್ತ ಕೂತಿರುತ್ತಿದ್ದಳು. ಶಾಲೆಯಿಂದ ಬರುವಾಗ ಮೇಷ್ಟ್ರು ಅದನ್ನು ದಿನಾ ಕಂಡರು. ತನ್ನಿಂದ ಅವಳಿಗೆ ಬಂತೇ ಎಂಬ ಭಯ ಒಂದು ಕಡೆ. ತಾನು ಕಳೆದ ಬಾಲ್ಯವನ್ನೇ ಇವಳೂ ಕಳೆಯುತ್ತಾಳೆ ಎಂಬ ಭಯ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಾಗಿತ್ತು ಎಂದು ಅವರು ಆಮೇಲೆ ನನಗೆ ಹೇಳಿದರು.

ಅದೇ ಹೊತ್ತಿಗೆ ಮದ್ದೂರಿನ ಒಂದು ವ್ಯಾಯಾಮ ಸಂಘದವರು ಮೂರು ಮಜಲಿನ ಸ್ಪರ್ಧೆ ಎಂದು ಪ್ರಕಟಣೆ ಅಂಟಿಸಿದರು. ಮೊದಲು ಮಳವಳ್ಳಿಯ ದೊಡ್ಡ ಕೆರೆಯನ್ನು ಈಜಿ ಆಚೆ ದಡ ಮುಟ್ಟಿ ಬರುವುದು. ಆಮೇಲೆ ಸೈಕಲ್ಲಿನಲ್ಲಿ ಕಿರುಗಾವಲಿಗೆ ಹೋಗಿ ಮಳವಳ್ಳಿಗೆ ವಾಪಸಾಗಿ ಮದ್ದೂರು ಸೇರುವುದು. ಅಲ್ಲಿಂದ ಮಂಡ್ಯದವರೆಗೆ ಹನ್ನೆರಡು ಮೈಲಿ ಓಟ. ಮೇಷ್ಟ್ರು ಹೆಸರು ಕೊಟ್ಟರು. ಸಂಘದ ಕಾರ್ಯದರ್ಶಿ ಕಸ್ತೂರಿರಂಗ ಅವರಿಗೆ ತನ್ನ ಕಾಯಿಲೆಯನ್ನು ಮುಚ್ಚಿಡದೆ ಹೇಳಿ ಡಾಕ್ಟರ ಚೀಟಿ ತೋರಿಸಿದರು. ಕಾರ್ಯದರ್ಶಿ ಚೀಟಿ ಓದಿ, ನೀರಿನಲ್ಲಿ ಒಂದು ಹರಿಗೋಲು ಪಕ್ಕದಲ್ಲೇ ಬರಬೇಕು, ಓಟದಲ್ಲಿ ಒಬ್ಬ ಜೊತೆಗಿರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಎರಡಕ್ಕೂ ಪುಟ್ಟಮಾದಯ್ಯ ಬರುತ್ತೇನೆಂದ.

ಮನೆಯಲ್ಲಿ ತಿರುಮಲಮ್ಮನವರು ಮಾತು ಬಿಟ್ಟರು. ಆಂಡಾಳ್ ನಾಲ್ಕನೆಯ ದಿನ ಊಟ ಬಡಿಸುವಾಗ ಹೇಳಿದರು: "ಇಳೀಬೇಡಿ ಅಂತ ನಾನು ಹೇಳೋದಿಲ್ಲ. ನನಗೆ ಹೆದರಿಕೆ ಆಗ್ತಿದೆ ಅಂತ ಮಾತ್ರ ಹೇಳ್ತೀನಿ. ಅದನ್ನ ತಿಳ್ಕೊಂಡು ಇಳೀರಿ."

ಜನವರಿಯ ಒಂದು ಭಾನುವಾರ. ಬೆಳಿಗ್ಗೆ ಏಳಕ್ಕೆ ಕೆರೆಯ ಮೇಲೆ ಮಂಜು ಕವಿದಿತ್ತು. ಇಪ್ಪತ್ಮೂರು ಜನ ಏರಿಯ ಕೆಳಗೆ ಚಳಿಗೆ ಕೈ ಉಜ್ಜುತ್ತ ನಿಂತಿದ್ದರು. ಸೀಟಿ ಊದಿದ್ದೇ ಉಳಿದವರೆಲ್ಲ ಒಟ್ಟಿಗೆ ನೀರಿಗೆ ಬಿದ್ದರು. ಮೇಷ್ಟ್ರು ಕೊನೆಯಲ್ಲಿ ಇಳಿದರು. ನಾಲೆಯ ನೀರಿಗೆ ತಳವಿತ್ತು, ಇದಕ್ಕೆ ತಳ ಸಿಗಲಿಲ್ಲ. ನಾಲ್ಕು ಮಾರು ದೂರದಲ್ಲಿ ಪುಟ್ಟಮಾದಯ್ಯನ ಹರಿಗೋಲು ಮಂಜಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಅದು ಕಾಣದಾದಾಗ ಹುಟ್ಟಿನ ಸದ್ದಾದರೂ ಕೇಳುತ್ತದೆಯೇ ಎಂದು ಕಿವಿಗೊಡುತ್ತಿದ್ದರು.

ಆಚೆ ದಡ ಮುಟ್ಟಿ ತಿರುಗಿದ ಮೇಲೆ ತಾವರೆ ಬಳ್ಳಿ ಕಾಲಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಒದ್ದಾಡುವಾಗ ಮುಂದಿದ್ದ ಯಾರದೋ ಹಿಮ್ಮಡಿ ಬಂದು ಬಾಯಿಗೆ ಬಡಿಯಿತು. ಒಂದು ಗುಟುಕು ನೀರು ಕುಡಿದು ಮುಳುಗಿ ಎದ್ದರು. ಎದ್ದಾಗ ಬಾಯಲ್ಲಿ ರಕ್ತದ ರುಚಿ.

ಆ ಕ್ಷಣದ ಭಯವನ್ನು ಅವರು ಆಮೇಲೆ ನನಗೆ ಹೇಳಿದರು. ಇಪ್ಪತ್ತೆರಡು ವರ್ಷ ಆ ರುಚಿಗೆ ಒಂದೇ ಅರ್ಥವಿತ್ತು. ಬಂದು ಹೋಗಿದೆ, ನಡುವೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಈಗ ತಾನು ಎಲ್ಲಿದ್ದೇನೋ ಏನೋ. ಬದುಕಿದ್ದೇನೆಯೇ ಎಂಬ ಅನುಮಾನವೂ ಬಂತಂತೆ. ಕೈಯಾಡಿಸುವುದನ್ನು ಬಿಟ್ಟುಬಿಟ್ಟರು. ಹರಿಗೋಲು ಹತ್ತಿರ ಬಂತು. ಅದರ ಅಂಚು ಹಿಡಿದು, "ಪುಟ್ಟಮಾದಯ್ಯ, ನನಗೆ ಬಂತಾ?" ಎಂದು ಕೇಳಿದರು.

"ಬಂದಿಲ್ಲ ಕಣಿ ಮೇಷ್ಟ್ರೇ. ಮುಂದಿದ್ದೋನ್ ಕಾಲು ನಿಮ್ ಬಾಯ್ಗೆ ಬಡೀತು. ನಾನು ರೆಪ್ಪೆ ಬಡೀದೆ ನೋಡ್ತಾವ್ನಿ."

ಮೇಷ್ಟ್ರು ಅಂಚು ಬಿಡಲಿಲ್ಲ. ಪುಟ್ಟಮಾದಯ್ಯ ಹತ್ತಿ ಬನ್ನಿ ಎನ್ನಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಸುಮ್ಮನೆ ಹುಟ್ಟು ಎತ್ತಿ ಕಾದ. ಸ್ವಲ್ಪ ಹೊತ್ತಿನ ಮೇಲೆ ಅವರು ರಕ್ತ ಉಗಿದು ಕೈ ಬಿಟ್ಟರು. ದಡ ಸೇರಿದವರಲ್ಲಿ ಅವರೇ ಕೊನೆಯವರು.

ಪುಟ್ಟಮಾದಯ್ಯ ಬಸ್ಸು ಹಿಡಿದು ಮದ್ದೂರಿಗೆ ಹೊರಟ. ಮೇಷ್ಟ್ರು ಸೈಕಲ್ಲು ಹತ್ತಿದರು. ಕಿರುಗಾವಲು ಇನ್ನು ಅರ್ಧ ಮೈಲಿ ಇರುವಾಗ ಎತ್ತಿನ ಲಾಳದ ಮೊಳೆ ಹಿಂದಿನ ಟೈರಿಗೆ ಹೊಕ್ಕಿತು. ತಳ್ಳಿಕೊಂಡೇ ಹೋಗಿ ಬಸ್ಸು ನಿಲ್ಲುವ ಕಡೆ ಸೈಕಲ್ ಶಾಪು ಹುಡುಕಿದರು. ಅಂಗಡಿಯವನು ತಿಂಡಿಗೆ ಹೋಗಿದ್ದ. ಅವನು ಬಂದು, ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ತೂತು ಹುಡುಕಿ, ಪಂಕ್ಚರ್ ಹಾಕುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಯಿತು. ಮಧ್ಯಾಹ್ನ ಒಂದು ಗಂಟೆಯೊಳಗೆ ಮದ್ದೂರು ಮುಟ್ಟದವರನ್ನು ಓಟಕ್ಕೆ ಬಿಡುವುದಿಲ್ಲವೆಂಬ ನಿಯಮವಿತ್ತು.

ಮಳವಳ್ಳಿ ದಾಟಿ ಮದ್ದೂರಿನ ರಸ್ತೆಯಲ್ಲಿ ಅವರು ಒಬ್ಬರೇ. ಎರಡೂ ಕಡೆ ಆಳೆತ್ತರದ ಕಬ್ಬು. ಬಿಸಿಲು ಏರಿತ್ತು. ಅಲ್ಲಿ ಬಂತು ಬೆಲ್ಲ ಸೀದ ವಾಸನೆ.

ಸೈಕಲ್ಲು ನಿಲ್ಲಿಸಿ ಸುತ್ತ ನೋಡಿದರು. ಕಬ್ಬಿನ ಆಚೆ ಏನಿದೆಯೋ ಕಾಣುವುದಿಲ್ಲ. ಹೊಗೆ ಇಲ್ಲ, ಗಾಣದ ಸದ್ದಿಲ್ಲ, ಜನರ ಮಾತಿಲ್ಲ. ಗಾಳಿಯೂ ನಿಂತಿತ್ತು. ಗಾಳಿಯಿಲ್ಲದೆ ವಾಸನೆ ಎಲ್ಲಿಂದ ಬರಬೇಕು? ಒಂದು ಲಾರಿ ಹಾರನ್ನು ಬಾರಿಸಿ ಪಕ್ಕದಲ್ಲೇ ಹಾದುಹೋಯಿತು. ಇನ್ನೊಂದು ನಿಮಿಷದಲ್ಲಿ ತಾನು ರಸ್ತೆಗೆ ಬಿದ್ದರೆ ಮುಂದಿನ ಲಾರಿಗೆ ಸಿಗುತ್ತೇನೆ ಎನ್ನಿಸಿತು. ಸೈಕಲ್ಲನ್ನು ಬದುವಿಗೆ ಒರಗಿಸಿ, ರಸ್ತೆಯಿಂದ ದೂರ ಹೋಗಿ, ಕಲ್ಲಿಲ್ಲದ ಜಾಗ ನೋಡಿ ಒಂದು ಮಗ್ಗುಲಿಗೆ ಮಲಗಿದರು. ಟವೆಲು ಮಡಿಸಿ ತಲೆಯ ಕೆಳಗಿಟ್ಟುಕೊಂಡರು. ಎಡಗೈಯನ್ನು ಮುಖದ ಮುಂದೆ ಹಿಡಿದು ಹೆಬ್ಬೆರಳನ್ನೇ ನೋಡುತ್ತ ಕಾದರು. ವಾಸನೆ ಹೋಗಲಿಲ್ಲ. ಬೆರಳು ಅದುರಲಿಲ್ಲ. ಮಗಳ ಮುಖವನ್ನು ನೆನೆಯಲು ನೋಡಿದರೆ ಅದೂ ಸರಿಯಾಗಿ ಬರಲಿಲ್ಲವಂತೆ.

ಕಬ್ಬಿನ ಸೋಗೆಯ ಹೊರೆ ಹೊತ್ತ ಒಬ್ಬ ಹೆಂಗಸು ಬದುವಿನ ಮೇಲೆ ಬಂದಳು. ಹತ್ತಿರದ ಊರಿನ ಚಿಕ್ಕಮಾದಮ್ಮ. ಚಡ್ಡಿ ಬನೀನಿನಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ ಗಂಡಸನ್ನು ಕಂಡು ಹೊರೆ ಇಳಿಸಿದಳು.

"ಯಾಕಪ್ಪ ಇಂಗ್ ಬಿದ್ದಿದ್ದೀಯೆ?"

ಮೇಷ್ಟ್ರು ಮಲಗಿದ್ದಲ್ಲಿಂದಲೇ ಕೇಳಿದರು: "ಅಮ್ಮಾ, ನಿಮಗೇನಾದರೂ ವಾಸನೆ ಬರ್ತಿದೆಯಾ?"

"ಬರ್ದೆ ಇನ್ನೇನು? ಕಬ್ಬಿನ್ ಅತ್ಲಾಗೆ ಅಂಕಯ್ಯನ ಆಲೆಮನೆ ಅದೆ. ಬೆಳಗ್ಗೆ ಕೊಪ್ಪರಿಗೆ ಸೀಯಿಸ್ಬುಟ್ಟು, ಎತ್ತು ಬಿಚ್ಚಿ ಎಲ್ರೂ ಮನೆಗೋದ್ರು."

ಇನ್ನೊಂದು ಸಲ ಹೇಳಿ ಎಂದರು ಮೇಷ್ಟ್ರು. ಅವಳು ಅನುಮಾನದಿಂದ ನೋಡಿದಳು. ಕುಡಿದವನಲ್ಲ ಎಂದು ಅನ್ನಿಸಿರಬೇಕು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು: "ಬೆಲ್ಲ ಸೀದೋಗದೆ ಕಣಪ್ಪ. ನಂಗೂ ಬತ್ತದೆ, ನಿಂಗೂ ಬತ್ತದೆ. ಎದ್ದೇಳು."

ಮೇಷ್ಟ್ರು ಎದ್ದರು. ಸೈಕಲ್ಲು ಹತ್ತುವಾಗ ಅವಳೇ ಹಿಂದಿನಿಂದ ಹಿಡಿದುಕೊಂಡಳು.

ನಾನು ಮದ್ದೂರಿನಲ್ಲಿ ಗಡಿಯಾರ ಹಿಡಿದು ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದೆ. ಒಂದಕ್ಕೆ ನಾಲ್ಕು ನಿಮಿಷ ಇರುವಾಗ ಅವರು ಬಂದರು. ತುಟಿ ಊದಿತ್ತು, ಒಂದು ಕಡೆಯ ಮೈಗೆಲ್ಲ ಮಣ್ಣು. ನೋಡಿ ನಾನು ಬಿದ್ದರೆಂದೇ ತಿಳಿದೆ. ಸಾಕು ಬಿಡಿ ಮೇಷ್ಟ್ರೇ ಎಂದೆ. ಪುಟ್ಟಮಾದಯ್ಯ ತನ್ನ ಜೇಬಿನಲ್ಲಿದ್ದ ಮಧ್ಯಾಹ್ನದ ಮಾತ್ರೆ ಕೊಟ್ಟ, ಮಜ್ಜಿಗೆ ಕುಡಿಸಿದ. ಅವರು ಮಂಡ್ಯದ ದಿಕ್ಕಿಗೆ ಹೆಜ್ಜೆ ಹಾಕಿದರು. ಪುಟ್ಟಮಾದಯ್ಯ ಅವರ ಸೈಕಲ್ಲು ಹತ್ತಿ ಹಿಂದೆ ಹೊರಟ.

ಗೆಜ್ಜಲಗೆರೆ ದಾಟಿದ ಮೇಲೆ ಹೆಬ್ಬೆರಳು ಅದುರಿತು. ಈ ಸಲ ಕೇಳಿ ತಿಳಿಯಬೇಕಾದ ವಾಸನೆಯ ವಿಷಯವಲ್ಲ, ಇಬ್ಬರ ಕಣ್ಣಿಗೂ ಕಂಡಿತು. ಪುಟ್ಟಮಾದಯ್ಯ ಅವರನ್ನು ಸಾಲುಮರದ ನೆರಳಿಗೆ ಕರೆದೊಯ್ದು ಕೂರಿಸಿದ. ಆ ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡು ಪಕ್ಕದಲ್ಲಿ ಕೂತ. ಮುಷ್ಟಿಯೊಳಗೆ ಅದು ಸಿಕ್ಕಿಬಿದ್ದ ಹುಳದ ಹಾಗೆ ಮಿಸುಕುತ್ತಿತ್ತು ಎಂದು ಪುಟ್ಟಮಾದಯ್ಯ ನನಗೆ ಹೇಳಿದ. ಎಷ್ಟೋ ಹೊತ್ತಿನ ಮೇಲೆ ನಿಂತಿತು. ಮೂವತ್ತು ಮೈಲಿ ಹ್ಯಾಂಡಲು ಬಿಗಿಹಿಡಿದು ಸೋತ ಕೈಯ ನಡುಕವೋ, ಬಂದು ಬಾಗಿಲಲ್ಲೇ ಹಿಂದಿರುಗಿದ ಕಾಯಿಲೆಯೋ, ಅದು ಯಾರಿಗೂ ತಿಳಿಯಲಿಲ್ಲ. ಉಳಿದ ದಾರಿಯನ್ನು ಅವರು ಓಡಲಿಲ್ಲ, ನಡೆದರು. ಪುಟ್ಟಮಾದಯ್ಯ ಸೈಕಲ್ಲು ಇಳಿದು ಎಡಗಡೆಯಲ್ಲಿ ನಡೆದ.

ನಾನು ಬಸ್ಸಿನಲ್ಲಿ ಮಂಡ್ಯಕ್ಕೆ ಬಂದಾಗ ಆಂಡಾಳ್ ಮಗಳ ಕೈ ಹಿಡಿದುಕೊಂಡು ನಿಂತಿದ್ದರು. ಒಬ್ಬೊಬ್ಬರಾಗಿ ಒಟ್ಟು ಹದಿಮೂರು ಜನ ಬಂದು ಮುಟ್ಟಿದರು. ಮೂರೂವರೆಯ ಮೇಲೆ ಯಾರೂ ಬರಲಿಲ್ಲ. ಶಾಮಿಯಾನ ಬಿಚ್ಚಿದರು. ಮದ್ದೂರು ಬಿಟ್ಟಾಗ ಹೇಗಿದ್ದರು ಎಂದು ಆಂಡಾಳ್ ನನ್ನನ್ನು ಎರಡು ಸಲ ಕೇಳಿದರು. ಚೆನ್ನಾಗಿದ್ದರು ಎಂದು ಎರಡು ಸಲವೂ ಸುಳ್ಳು ಹೇಳಿದೆ. ಮೂರನೆಯ ಸಲ ಅವರು ಕೇಳಲಿಲ್ಲ. ಅವರ ಮುಖ ನೋಡಲಾರದೆ ನಾನು ದೂರ ಹೋಗಿ ನಿಂತೆ. ರಸ್ತೆಯ ತಿರುವಿನಲ್ಲಿ ಯಾವ ಬಿಳಿ ಬಟ್ಟೆ ಕಂಡರೂ ಎರಡು ಹೆಜ್ಜೆ ಮುಂದೆ ಹೋಗಿ ನೋಡುತ್ತಿದ್ದೆ.

ಐದು ಗಂಟೆಗೆ ಇಬ್ಬರೂ ನಡೆದುಕೊಂಡು ಬಂದರು. ಸಂಘದವರಲ್ಲಿ ಕಸ್ತೂರಿರಂಗ ಅವರೊಬ್ಬರೇ ಅಲ್ಲಿ ಉಳಿದಿದ್ದರು. ಹದಿನಾಲ್ಕನೆಯವರೆಂದು ಹೆಸರು ಬರೆದುಕೊಂಡು ಕೈ ಕುಲುಕಿದರು. ಆಂಡಾಳ್ ಗಂಡನ ಮೈಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದರು. ಚೂಡಾಮಣಿ ಅಪ್ಪನ ಊದಿದ ತುಟಿ ಮುಟ್ಟಿ ನೋಡಿ, ನೋವಾಗುತ್ತಾ ಎಂದು ಕೇಳಿದಳು.

ಮರುವಾರ ಮೇಷ್ಟ್ರು ಒಂಬತ್ತನೆಯ ತರಗತಿಯಲ್ಲಿ ಪಾಠ ನಿಲ್ಲಿಸಿ ತನ್ನ ಕಾಯಿಲೆಯ ವಿಷಯ ಹೇಳಿದರಂತೆ. ಬಿದ್ದರೆ ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ತುರುಕಬೇಡಿ, ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿಕೊಳ್ಳಿ ಎಂದರಂತೆ. ಎಪ್ಪತ್ತೆಂಟರಲ್ಲಿ ಒಂದು ದಿನ ತರಗತಿಯಲ್ಲೇ ಬಿದ್ದರು ಕೂಡ. ಮಕ್ಕಳು ಅವರು ಹೇಳಿದ ಹಾಗೇ ಮಾಡಿದರು. ಮೇಷ್ಟ್ರು ಎದ್ದು, ನೀರು ಕುಡಿದು, ಅರ್ಧಕ್ಕೆ ನಿಂತ ಲೆಕ್ಕವನ್ನು ಮಾರನೆಯ ದಿನ ಮುಗಿಸಿದರು.

ಚೂಡಾಮಣಿಗೆ ಮತ್ತೆ ಹಾಗಾಗಲಿಲ್ಲ. ಸ್ಪರ್ಧೆ ನಡೆದ ವರ್ಷದ ಬೇಸಿಗೆಯಲ್ಲೇ ಅಪ್ಪ ಅವಳನ್ನು ಈಜು ಕಲಿಸಲು ನಾಲೆಗೆ ಕರೆದುಕೊಂಡು ಹೋದರು. ತಿರುಮಲಮ್ಮನವರು ಹೋಗು ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅಪ್ಪ ಮಗಳು ಹಿಂತಿರುಗುವವರೆಗೆ ದೇವರಮನೆಯ ಬಾಗಿಲು ಹಾಕಿಕೊಂಡು ಕೂತಿದ್ದರು. ಮಗಳ ತಲೆ ನೀರೊಳಗೆ ಹೋದಾಗಲೆಲ್ಲ ಅದು ಮೇಲೆ ಬರುವವರೆಗೆ ತಾನು ಎಣಿಸುತ್ತಿದ್ದೆ, ಒಂದು ಸಲ ಹದಿನೇಳರವರೆಗೆ ಹೋಯಿತು ಎಂದು ಮೇಷ್ಟ್ರು ನನಗೆ ಹೇಳಿದರು.